ಒಂದ್ಗೀಟು ಔಷಧ ಬಿಟ್ಟ ವಾರ

ಗಾಜಿನಂಗಡಿಯ ಒಂದ್ಗೀಟಿಗೆ ಈ ಲೋಕದಲ್ಲಿ ಯಾರೂ ಲೆಕ್ಕಕ್ಕಿರಲಿಲ್ಲ. ಎದುರುಸಾಲಿನ ಬಡಗಿ ಅವನ ಪಾಲಿಗೆ ಸೌದೆ ಒಡೆಯುವವನು. ಪಕ್ಕದ ಬಣ್ಣದಂಗಡಿಯವನು ನೀರು ಕದಡಿ ಮಾರುವವನು. ಮನೆ ಕಟ್ಟಿಸುವ ಎಂಜಿನಿಯರೋ, ಟೇಪು ಹಿಡಿಯೋಕೂ ಬಾರದ ಬರೀ ಇಸ್ತ್ರಿ ಪ್ಯಾಂಟು. ಇಷ್ಟು ಜನರನ್ನು ಕಾಲ ಕಸ ಮಾಡಿಕೊಂಡವನು ತಾನೇನು ಕಡಿದು ಕಟ್ಟೆ ಹಾಕಿದ್ದ ಅಂತ ಕೇಳಬಾರದು, ಕೇಳಿದರೆ ಅಂಗಡಿಯ ಗೋಡೆಗೆ ಒರಗಿಸಿಟ್ಟ ಗಾಜುಗಳ ಕಡೆ ಗದ್ದ ಎತ್ತಿ ತೋರಿಸುತ್ತಿದ್ದ.

ಆ ಅಡ್ಡಹೆಸರು ಬಂದದ್ದೇ ಕೆಲಸದಿಂದ. ಗಾಜಿನ ಮೇಲೆ ಕಟರ್ ಎಳೆಯುವುದು ಒಂದೇ ಸಲ. ಅದರ ತುದಿಯ ಪುಟ್ಟ ಚಕ್ರವನ್ನು ಸೀಮೆಎಣ್ಣೆಗೆ ಅದ್ದಿ, ಅಳತೆಪಟ್ಟಿ ಒತ್ತಿ ಹಿಡಿದು, ಈ ಅಂಚಿನಿಂದ ಆ ಅಂಚಿಗೆ ಒಂದು ಗೀಟು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದರೆ ಟಪ್ಪನೆ ಎರಡಾಗಬೇಕು. ಅದೇ ಗೀಟಿನ ಮೇಲೆ ಇನ್ನೊಮ್ಮೆ ಎಳೆದರೆ ಚಕ್ರವೂ ಹಾಳು, ಗಾಜೂ ಮನಸ್ಸು ಬಂದ ಕಡೆ ಸೀಳುತ್ತದೆ. ಇಪ್ಪತ್ತಾರು ವರ್ಷದಲ್ಲಿ ಈ ಮಹಾನುಭಾವ ಎರಡನೇ ಗೀಟು ಎಳೆದದ್ದನ್ನು ಕಂಡವರಿಲ್ಲ. ಎಳೆಯುವವರನ್ನು ಕಂಡರೆ "ಇಲಿಗಳು, ಕೆರೆದು ಕೆರೆದು ಸಾಯ್ತಾವೆ" ಎಂದು ಮೂಗು ಮುರಿಯುತ್ತಿದ್ದ. ಗಾಜಿನ ಮಟ್ಟಿಗೆ ಸರಿಯೇ. ಗಾಜಿಗೆ ಒಪ್ಪುವ ಬುದ್ಧಿ ಮೈಗೂ ಒಪ್ಪುತ್ತದೆ ಅಂತ ಇವನ ಕಿವಿಯಲ್ಲಿ ಯಾರು ಊದಿದ್ದರೋ ಕಾಣೆ.

ಐದು ವರ್ಷದ ಹಿಂದೆ ಆಳೆತ್ತರದ ಕನ್ನಡಿಯೊಂದನ್ನು ಮೆಟ್ಟಿಲು ಹತ್ತಿಸುವಾಗ ಇವನ ಸೊಂಟ ಹಿಡಿಯಿತು. ನೋವಿಗೆ ಅಂತ ಬರೆದುಕೊಟ್ಟ ಗುಳಿಗೆ ದಿನಕ್ಕೆ ಎರಡಿದ್ದದ್ದು ನಾಲ್ಕಾಯಿತು, ನಾಲ್ಕಿದ್ದದ್ದು ಹತ್ತಾಯಿತು. ಡಾಕ್ಟರು ಬರೆಯೋದು ನಿಲ್ಲಿಸಿದ ಮೇಲೆ, ಗೋದಾಮಿನ ಹಿಂದಿನ ಓಣಿಯಲ್ಲಿ ಚೀಟಿ ಕೇಳದೆ ಕೊಡುವ ಪುಣ್ಯಾತ್ಮನೊಬ್ಬ ಸಿಕ್ಕಿದ. ಆಮೇಲೆ ಕೇಳಬೇಕೇ. ಕಿಟಕಿಗೆ ಗಾಜು ಕೂರಿಸಲು ಹೋದವನು ಏಣಿಯ ಮೇಲೇ ತೂಕಡಿಸುತ್ತಿದ್ದ.

ಇವನನ್ನು ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದೊಯ್ದವಳು ಅಕ್ಕ. ಅಂಗಡಿ ಅವಳದು, ಅಂಗಡಿಯ ಮೇಲಿನ ಎರಡು ಕೋಣೆಯ ಮನೆ ಅವಳದು, ಬಾಯಂತೂ ಸಂಪೂರ್ಣ ಅವಳದೇ. ಗಂಡ ತೀರಿಕೊಂಡ ಮೇಲೆ ಈ ಒಂಟಿ ತಮ್ಮನನ್ನು ಕರೆದು ಇಟ್ಟುಕೊಂಡಿದ್ದಳು. ಆಸ್ಪತ್ರೆಯ ಬಾಗಿಲಲ್ಲೇ ಷರತ್ತು ಹಾಕಿದಳು: "ಇನ್ನೊಂದು ಸಲ ಆ ಓಣಿಯ ಗುಳಿಗೆ ಮುಟ್ಟಿದ್ಯೋ, ನನ್ನ ಹೊಸಿಲು ತುಳೀಬೇಡ." ಅಲ್ಲಿ ಚಟ ಬಿಡಿಸಲು ಬೇರೆ ಔಷಧ ಕೊಟ್ಟರು. ದಿನಾ ಬೆಳಿಗ್ಗೆ ನಾಲಿಗೆಯಡಿ ಇಟ್ಟು ಕರಗಿಸಿಕೊಳ್ಳಬೇಕು. ಅದು ಹಿಡಿಸಿತು. ಮೂರು ವರ್ಷ ಕೈ ನಡುಗಲಿಲ್ಲ, ಏಣಿ ಅಲುಗಲಿಲ್ಲ.

ಇಷ್ಟಾದರೂ ಆ ಆಸ್ಪತ್ರೆಯನ್ನು ಕಂಡರೆ ಇವನಿಗೆ ಮೈಯೆಲ್ಲ ಉರಿ. ಹದಿನೈದು ದಿನಕ್ಕೊಮ್ಮೆ ಬೆಂಚಿನ ಮೇಲೆ ಸಾಲಾಗಿ ಕೂರಬೇಕು. ಆ ಸಾಲಿನಲ್ಲಿ ಕೂತವರೆಲ್ಲ ಇವನ ಪಾಲಿಗೆ ಚಟದವರು, ಇವನೊಬ್ಬ ಮಾತ್ರ ಸೊಂಟ ನೋವಿನವನು. ಕಾಂಪೌಂಡರು ತುಟಿ ಬಿಚ್ಚದೆ ಡಬ್ಬಿ ಎಣಿಸಿಕೊಟ್ಟರೆ "ಸೊಕ್ಕು", ಹೇಗಿದ್ದೀರಿ ಅಂತ ಕೇಳಿದರೆ "ಅಧಿಕಪ್ರಸಂಗ". ಡಾಕ್ಟರಮ್ಮನ ಮೆತ್ತನೆಯ ಮಾತು ಕೇಳಿದರಂತೂ ವಾಂತಿ ಬಂದಂತಾಗುತ್ತಿತ್ತು. ಔಷಧ ಬಿಡಬೇಕು ಅನ್ನಿಸಿದರೆ ತನಗೆ ಹೇಳಬೇಕೆಂದೂ, ತಿಂಗಳುಗಟ್ಟಲೆ ಚೂರುಚೂರೇ ಇಳಿಸಬೇಕೆಂದೂ ಆಕೆ ಮೂರು ಸಲ ಹೇಳಿದ್ದಳು. ಚೂರುಚೂರು ಅಂದ ಕೂಡಲೇ ಇವನಿಗೆ ಇಲಿಗಳು ನೆನಪಾದವು. ಸೊಪ್ಪು ಹಾಕಲಿಲ್ಲ.

ಬಿಡುವ ಯೋಚನೆ ಬಂದದ್ದು ಅಕ್ಕನ ಬಾಯಿಂದ. ಒಂದು ಮಧ್ಯಾಹ್ನ ಮೂರ್ನಾಲ್ಕು ಗಿರಾಕಿಗಳು ನಿಂತಿದ್ದರು. ಸಲೂನಿಗೆ ಕನ್ನಡಿ ಹಾಕಿಸಬೇಕಿದ್ದ ಕ್ಷೌರಿಕ ಕೇಳಿದ: "ಕೆಲಸದವರು ನಂಬಿಕಸ್ತರು ತಾನೇ?"

"ನನ್ನ ತಮ್ಮನೇ ಬರೋದು" ಅಂದಳು ಅಕ್ಕ. "ಬೆಳಿಗ್ಗೆ ನಾಲಿಗೆ ಕೆಳಗೆ ಮಾತ್ರೆ ಇಟ್ರೆ ಮನುಷ್ಯ, ಇಲ್ದಿದ್ರೆ ಒದ್ದೆ ಚಿಂದಿ. ಮೂರು ವರ್ಷ ಆಯ್ತು, ಅದನ್ನ ಬಿಡೋ ಯೋಗ್ಯತೆ ಇನ್ನೂ ಬಂದಿಲ್ಲ."

ಗಿರಾಕಿಗಳು ನಕ್ಕರು. ಒಳಗೆ ಗಾಜು ಒರೆಸುತ್ತಿದ್ದ ಒಂದ್ಗೀಟು ಒಂದಕ್ಷರ ಬಿಡದೆ ಕೇಳಿಸಿಕೊಂಡ. ಮಾರನೆಯ ಬೆಳಿಗ್ಗೆ ಮಾತ್ರೆಯ ಡಬ್ಬಿಯನ್ನು ಒಡೆದ ಗಾಜಿನ ಚೂರು ಹಾಕುವ ಡ್ರಮ್ಮಿಗೆ ಎಸೆದ. ಬುದ್ಧಿ ಇರುವವರು ಯಾರೂ ಕೈ ಹಾಕದ ಜಾಗ ಅದೊಂದೇ. ಒಂದೇ ಗೀಟು, ಟಪ್ಪನೆ ಎರಡು, ಕತೆ ಮುಗೀತು ಅಂದುಕೊಂಡ.

ಮೊದಲೆರಡು ದಿನ ಏನೂ ಆಗಲಿಲ್ಲ, ಬೇಕಾದರೆ ಸ್ವಲ್ಪ ಕೊಬ್ಬು ಹೆಚ್ಚಾಯಿತು ಅನ್ನಿ. ಮೂರು ವರ್ಷ ತಿಂದ ಔಷಧ ಮೈಯಿಂದ ಇಳಿಯಲು ದಿನ ಹಿಡಿಯುತ್ತದೆ ಎಂಬುದು ಈ ಪಂಡಿತನಿಗೆ ತಿಳಿಯದು. ಸೀಟಿ ಹಾಕಿಕೊಂಡು ಎರಡು ಷೋಕೇಸು ಮುಗಿಸಿದ. ಡಾಕ್ಟರಮ್ಮನಿಗೆ ಏನು ಗೊತ್ತು ಮಣ್ಣು, ಹೆದರಿಸಿ ಬದುಕೋ ಜನ ಅಂತ ತನ್ನಷ್ಟಕ್ಕೆ ಗೊಣಗಿಕೊಂಡು ನಕ್ಕ.

ಮೂರನೆಯ ದಿನ ಆಕಳಿಕೆ ಶುರುವಾಯಿತು. ದವಡೆ ಕಳಚುವಷ್ಟು ಆಕಳಿಕೆ, ಒಂದರ ಬಾಲ ಹಿಡಿದು ಇನ್ನೊಂದು. ಮೂಗು ನಲ್ಲಿಯಾಯಿತು. ಬಿಸಿಲಲ್ಲಿ ನಿಂತರೂ ಮೈ ಮೇಲೆ ಮುಳ್ಳು ಏಳುತ್ತಿತ್ತು, ಹಾಗೇ ಬೆವರೂ ಇಳಿಯುತ್ತಿತ್ತು. "ಶೀತ" ಅಂದ ಅಕ್ಕನಿಗೆ. ನಾಲ್ಕನೆಯ ದಿನ ಹೊಟ್ಟೆ ಕಿತ್ತುಕೊಂಡಿತು, ಹಾಸಿಗೆಯಲ್ಲಿ ಕಾಲುಗಳು ತಾವಾಗಿಯೇ ಒದೆಯತೊಡಗಿದವು, ಹಳೆಯ ಸೊಂಟ ನೋವು ಬಡ್ಡಿ ಸಮೇತ ಬಂದು ಕೂತಿತು. ಹಲ್ಲು ಕಚ್ಚಿದ. ಬಾಯಿ ಬಿಟ್ಟು ಯಾರಿಗಾದರೂ ಹೇಳಬಹುದಿತ್ತು. ಯಾರಿಗೆ ಹೇಳೋದು? ಊರವರನ್ನೆಲ್ಲ ಕಸದ ಬುಟ್ಟಿಗೆ ಹಾಕಿ ಕೂತವನಿಗೆ ಹೇಳಿಕೊಳ್ಳೋಕೆ ಒಂದು ಮುಖವೂ ಉಳಿದಿರಲಿಲ್ಲ.

ಆರನೆಯ ದಿನ ಸಲೂನಿನ ಕನ್ನಡಿ ಮೇಜಿನ ಮೇಲಿತ್ತು. ಕಟರ್ ಹಿಡಿದ. ಕೈ ನಡುಗಿ ಗೀಟು ಅರ್ಧದಲ್ಲೇ ಅಡ್ಡ ಹೋಯಿತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಅದರ ಮೇಲೇ ಇನ್ನೊಮ್ಮೆ ಎಳೆದ. ಕನ್ನಡಿ ಮೂಲೆಯಿಂದ ಮೂಲೆಗೆ ಸೀಳಿತು. ಕಟರ್ ಬಿಸಾಕಿದವನೇ ನೇರ ಚೂರಿನ ಡ್ರಮ್ಮಿಗೆ ಹೋಗಿ ಹೆಗಲವರೆಗೆ ಕೈ ಹಾಕಿದ. ಡಬ್ಬಿ ಬೇಕಿತ್ತು. ಗುಜರಿಯವನು ಹಿಂದಿನ ದಿನವೇ ಡ್ರಮ್ಮು ಖಾಲಿ ಮಾಡಿಕೊಂಡು ಹೋಗಿದ್ದ, ತಳದಲ್ಲಿದ್ದದ್ದು ಬೆಳಗಿನ ಚೂರುಗಳು ಮಾತ್ರ. ಅಂಗೈ ಸೀಳಿತು. ಅದಕ್ಕೆ ಗಾಜು ಒರೆಸುವ ಬಟ್ಟೆ ಸುತ್ತಿಕೊಂಡು ಬಾಗಿಲ ಕಡೆ ನಡೆದ.

ಅಕ್ಕ ಮೇಲಿನಿಂದ ಇಳಿದು ಬರುತ್ತಿದ್ದಳು. ಒಡೆದ ಕನ್ನಡಿ ನೋಡಿದಳು, ನೆಲದ ಮೇಲಿನ ರಕ್ತ ನೋಡಿದಳು, ಇವನ ಮುಖ ನೋಡಿದಳು.

"ಎಲ್ಲಿಗೆ ಹೊರಟೆ?"

ಸುಳ್ಳು ಹೇಳೋಕೂ ತ್ರಾಣ ಬೇಕಲ್ಲ, ಅದೂ ಇರಲಿಲ್ಲ. "ಓಣಿಗೆ" ಅಂದ. "ನಾನು ಔಷಧ ನಿಲ್ಸಿ ಆರು ದಿನ ಆಯ್ತು. ತಡ್ಕೊಳ್ಳೋಕಾಗ್ತಿಲ್ಲ ಅಕ್ಕ. ಸಂಜೆ ಬಂದು ಬಟ್ಟೆ ತಗೊಂಡು ಹೋಗ್ತೀನಿ."

ಷರತ್ತಿನ ಪ್ರಕಾರ ಅವಳು ಅಲ್ಲಿಗೇ ಕೈ ತೊಳೆದುಕೊಳ್ಳಬೇಕಿತ್ತು. ಗಂಡ ಸತ್ತ ಹನ್ನೊಂದನೆಯ ದಿನಕ್ಕೇ ಅಂಗಡಿ ತೆರೆದ ಹೆಂಗಸು ಅದು. ಈಗ ಹಾಡಹಗಲೇ ಷಟರ್ ಎಳೆದಳು. ಕನ್ನಡಿಗೆ ಬಂದ ಕ್ಷೌರಿಕನಿಗೆ "ನಾಳೆ ಬಾರಯ್ಯ" ಅಂದಳು. ತಮ್ಮನ ಒಳ್ಳೆಯ ಕೈ ಹಿಡಿದು ರಸ್ತೆಗಿಳಿದಳು. ದಾರಿಯುದ್ದಕ್ಕೂ ಬೈದಳು, ದಡ್ಡ ಅಂದಳು, ಕತ್ತೆ ಅಂದಳು, ಹೆತ್ತವರ ಹೊಟ್ಟೆ ಉರಿಸೋಕೇ ಹುಟ್ಟಿದವನು ಅಂದಳು. ಇವನು ಎರಡು ಸಲ ಚರಂಡಿಯ ಪಕ್ಕ ಕೂತು ಕಕ್ಕಿದ. ಅವಳು ಬೆನ್ನು ಸವರುತ್ತಲೇ ಬೈದಳು.

ಅಧಿಕಪ್ರಸಂಗಿ ಕಾಂಪೌಂಡರು ಬೆಂಚಿನ ಸಾಲನ್ನು ಸರಿಸಿ ಇವರನ್ನು ನೇರ ಒಳಗೆ ಕಳಿಸಿದ. ಚಟದವರಲ್ಲಿ ಒಬ್ಬನೂ ಗೊಣಗಲಿಲ್ಲ, ಒಬ್ಬ ಮುದುಕ ಎದ್ದು ಬಾಗಿಲು ಹಿಡಿದ. ಡಾಕ್ಟರಮ್ಮ ಅಂಗೈ ಹೊಲಿದಳು, ನಾಡಿ ನೋಡಿದಳು, ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು. ಮತ್ತೆ ಔಷಧ ಶುರು ಮಾಡೋಣ ಅಂದಳು. ಬಿಡಲೇಬೇಕು ಅಂತೇನಿಲ್ಲ. ಬಿಡೋದಾದರೆ ನಿಧಾನಕ್ಕೆ ಇಳಿಸೋಣ, ಕೊನೆಕೊನೆಗೆ ಇನ್ನೂ ನಿಧಾನ, ಕಷ್ಟ ಅನಿಸಿದ ಕಡೆ ನಿಂತು ಕಾಯೋಣ.

"ಓಣಿಯಲ್ಲಿ ಎಷ್ಟು ತಗೋಬೇಕು ಅಂತಿದ್ರಿ?" ಎಂದು ಕೇಳಿದಳು.

"ಮೊದಲಿನ ಹಾಗೇ. ಹತ್ತು."

"ಮೊದಲಿನ ಮೈ ಅಲ್ಲ ಇದು, ಅಷ್ಟು ಗುಳಿಗೆ ತಡೆಯೋ ರೂಢಿ ತಪ್ಪಿದೆ. ಹತ್ತು ತಿಂದಿದ್ರೆ ಉಸಿರೇ ನಿಂತು ಹೋಗ್ತಿತ್ತು. ನೀವು ಇಲ್ಲಿಗೆ ಬರ್ತಾನೇ ಇರಲಿಲ್ಲ."

ಅಕ್ಕ ಬೈಯುವುದನ್ನು ಬಿಟ್ಟು ಪಕ್ಕದ ಕುರ್ಚಿ ಎಳೆದು ಕೂತಳು.

ಡಾಕ್ಟರಮ್ಮ ಕಾಗದ ಎಳೆದುಕೊಂಡು ಬರೆಯುತ್ತ ಕೇಳಿದಳು: "ಹೀಗೆ ಒಮ್ಮೆಲೇ ನಿಲ್ಸು ಅಂತ ಯಾರಾದ್ರೂ ಹೇಳಿದ್ರಾ?"

"ಯಾರೂ ಇಲ್ಲ" ಅಂದ ಒಂದ್ಗೀಟು, ಗೋಡೆ ನೋಡುತ್ತ. "ನಂದೇ ಕೊಬ್ಬು."

"ಸುಳ್ಳು" ಅಂದಳು ಅಕ್ಕ. ಹುಟ್ಟಿದಾಗಿಂದ ತಪ್ಪಾಯ್ತು ಅಂದವಳಲ್ಲ, ಈಗಲೂ ಅನ್ನಲಿಲ್ಲ. "ನಾನು ಹೇಳಿದ್ದು. ಗಿರಾಕಿಗಳ ಮುಂದೆ, ಇವನಿಗೆ ಕೇಳ್ಲಿ ಅಂತಾನೇ ಹೇಳ್ದೆ. ಅವರು ನಗ್ಲಿ ಅಂತಾನೇ ಹೇಳ್ದೆ. ಹಾಗೇ ಬರ್ಕೊಳ್ಳಿ."

"ಅಕ್ಕ, ಸಾಕು ಬಿಡು."

"ಸಾಕು ಅನ್ನೋಕೆ ನೀನ್ಯಾವನೋ. ಇವತ್ತು ಹೆಣ ಆಗಿ ಬಿದ್ದಿದ್ರೆ, ಬಂದವರ ಹತ್ರ ನಾನು ಏನಂತ ಹೇಳ್ಬೇಕಿತ್ತು?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ಅಕ್ಕ ಪಕ್ಕದ ಕುರ್ಚಿಯಿಂದ ಕೈ ಚಾಚಿ, ನೋಡದೆ, ಇವನ ಹೊಲಿಗೆ ಹಾಕಿದ ಕೈಯನ್ನೇ ಬಿಗಿಯಾಗಿ ಹಿಡಿದುಕೊಂಡಳು. ಗಾಯ ಉರಿಯಿತು. ಅವನು ಕೈ ಎಳೆದುಕೊಳ್ಳಲಿಲ್ಲ.