ಯಾರಿಗೂ ಕೊಡಲಾಗದ ಸಾಮಾನು

ಕಳೆದ ಭಾನುವಾರ ಚಿತ್ರದುರ್ಗದ ಒಂದು ಸಮಾರಂಭದಲ್ಲಿ ನನ್ನ ಕೊರಳಿಗೂ ಒಂದು ಗಂಧದ ಹಾರ ಬಿತ್ತು. ಗಂಧ ಎನ್ನುವುದು ಹೆಸರಿಗೆ ಮಾತ್ರ. ಮರದ ತೆಳು ಸಿಪ್ಪೆಗೆ ಸೆಂಟು ಹೊಡೆದಿರುತ್ತಾರೆ. ಮನೆಗೆ ತಂದು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೆ. ಬೆಳಿಗ್ಗೆ ಏಳುವ ಹೊತ್ತಿಗೆ ಕೋಣೆಯ ತುಂಬ ಅದರದೇ ವಾಸನೆ. ಸುಮಾರು ಹದಿನೈದು ವರ್ಷಗಳ ಹಿಂದೆ, ಹಿರಿಯೂರಿನ ಒಂದು ಬಾಡಿಗೆ ಮನೆಯಲ್ಲಿ ಇದೇ ವಾಸನೆಯ ನಡುವೆ ನಿಂತು, ಎದುರಿಗಿದ್ದವರ ಮುಖ ನೋಡಲಾಗದೆ ನೆಲ ನೋಡಿದ್ದು ನೆನಪಾಯಿತು...

ಅವರನ್ನು ನಮ್ಮ ಬೀದಿಯವರೆಲ್ಲ ನರ್ಸಮ್ಮ ಎನ್ನುತ್ತಿದ್ದರು. ನಾನಾಗ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಅವರದು ನಮ್ಮ ಎದುರು ಮನೆ. ಸುತ್ತಲ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಮಾರಿಕಣಿವೆಯ ಆಚೆಯ ಹಳ್ಳಿಯಲ್ಲಿ ಅವರ ತಮ್ಮ ಕುರಿ ಸಾಕಿದ್ದ. ಮೇವು ಕಡಿಮೆಯಾದಾಗ ಮನೆಮಂದಿಯೆಲ್ಲ ಕುರಿ ಹೊಡೆದುಕೊಂಡು ಊರಿಂದೂರಿಗೆ ಹೋಗುತ್ತಿದ್ದರು. ನಿವೃತ್ತಿಯಾದ ವರ್ಷ ನರ್ಸಮ್ಮನೂ ಜೊತೆಗೆ ಹೊರಟರು. ಚಿಕ್ಕಂದಿನಲ್ಲಿ ಹಾಗೆ ನಡೆದವರು. ಮತ್ತೆ ನಡೆಯಬೇಕೆಂಬ ಆಸೆಯನ್ನು ಅಷ್ಟು ವರ್ಷ ಇಟ್ಟುಕೊಂಡಿದ್ದರು.

ಹತ್ತೇ ದಿನಕ್ಕೆ ವಾಪಸಾದರು. ಏನಾಯಿತೆಂದು ಕೇಳಿದೆ.

"ಸಂಜೆ ಮುಂದೆ ನನ್ ತಮ್ಮ ಕುರಿ ಎಣಿಸೋನು, ನಾನು ಮನೆಯಾಗಿನ ಸಾಮಾನು ಎಣಿಸ್ತಾ ಕುಂತಿರ್ತಿದ್ದೆ. ಕರೆಂಟ್ ಹೋಗಿ ಫ್ರಿಜ್ಜಿನಾಗಿರೋ ಹಾಲು ಒಡದೈತೇನೋ, ಬೀರುಗೆ ಬೀಗ ಹಾಕಿದ್ನೋ ಇಲ್ಲೋ... ಬಯಲಾಗೆ ಮಲಕ್ಕಂಡ್ರೂ ಜೀವ ಎಲ್ಲಾ ಇಲ್ಲೇ ಐತಪ್ಪ" ಎಂದರು.

ಮಾರನೆಯ ವಾರ ಫ್ರಿಜ್ಜು ಹೂ ಮಾರುವವಳ ಮನೆಗೆ ಹೋಯಿತು. ಆಮೇಲೆ ಬೀರು, ಮಂಚ, ಟೀವಿ. ಸ್ಟೀಲ್ ಪಾತ್ರೆಗಳನ್ನು ಬೀದಿಯ ಹೆಂಗಸರು ಹಂಚಿಕೊಂಡರು. ಪಾತ್ರೆ ಸೆರಗಿನಲ್ಲಿ ಮುಚ್ಚಿಕೊಂಡು ಹೊರಟ ಒಬ್ಬಾಕೆ ಬಾಗಿಲಲ್ಲಿ ತಿರುಗಿ ನಿಂತು, "ಏನ್ ನರ್ಸಮ್ಮ, ಸನ್ಯಾಸ ತಗಂತೀರೋ ಹೆಂಗೆ?" ಎಂದು ಕೆಣಕಿದಳು.

"ಸನ್ಯಾಸ ತಗಣಾಕೆ ಕಾವಿ ಬಟ್ಟೆ ಬೇಕಲ್ಲೇ. ಅದೂ ಒಂದು ಸಾಮಾನೇ ಆತಲ್ಲ" ಎಂದರು ನರ್ಸಮ್ಮ.

ಕೊನೆಗೆ ಉಳಿದದ್ದು ಎರಡು ಮೂರು ಸೀರೆ, ಒಂದು ತಟ್ಟೆ, ಒಂದು ಚೊಂಬು, ಅನ್ನ ಮಾಡುವ ಪಾತ್ರೆ, ಚಾಪೆ, ಕಂಬಳಿ, ಬಿ.ಪಿ. ಮಾತ್ರೆಯ ಕವರು. ಬೀಗವನ್ನೂ ಮೂಲೆ ಅಂಗಡಿಯವನಿಗೆ ಕೊಟ್ಟರು. ಅಲ್ಲಿಂದ ಮುಂದೆ ಚಿಲಕ ಸಿಕ್ಕಿಸಿ ಹೊರಟರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಬಂದಾಗ ಮುಖ ಬಿಸಿಲಿಗೆ ಕಪ್ಪಾಗಿರುತ್ತಿತ್ತು, ಹಿಮ್ಮಡಿ ಒಡೆದಿರುತ್ತಿತ್ತು. ಅಷ್ಟು ಹಗುರವಾಗಿ ನಗುವ ಮನುಷ್ಯರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅವರು ಊರಿನಲ್ಲಿದ್ದ ದಿನ ಸಂಜೆ ಸುದ್ದಿ ಕಳಿಸಿ ಮುಗಿಸಿ ಅಲ್ಲಿಗೇ ಹೋಗುತ್ತಿದ್ದೆ. ಖಾಲಿ ಕೋಣೆಯಲ್ಲಿ ಗೋಡೆಗೊರಗಿ ಕೂರುವುದು. ಆ ಕೋಣೆಯಲ್ಲಿ ಮೆಲ್ಲಗೆ ಆಡಿದ ಮಾತೂ ದೊಡ್ಡದಾಗಿ ಕೇಳುತ್ತಿತ್ತು. ಅದಕ್ಕೇ ಇರಬೇಕು, ನಾವು ಹೆಚ್ಚು ಮಾತಾಡುತ್ತಿರಲಿಲ್ಲ. ಕುರಿಹಿಂಡು ಯಾವ ಊರಿನ ಹೊಲದಲ್ಲಿ ತಂಗಿತ್ತು, ಹೊಳಲ್ಕೆರೆ ದಾಟಿದ ಮೇಲೆ ಗಾಳಿ ಹೇಗಿತ್ತು... ಅಷ್ಟೇ. ಮನೆಗೆ ಬಂದು ನನ್ನ ಸೋಫಾ ಮೇಲೆ ಕುಳಿತರೆ ಉಸಿರು ಕಟ್ಟುತ್ತಿತ್ತು.

ಇನ್ನು ನನ್ನ ತಪ್ಪಿನ ವಿಷಯ. ಒಂದು ವಾರ ಭಾನುವಾರದ ಪುಟಕ್ಕೆ ಬರಹ ಸಾಲದೆ ಬಂತು. ನರ್ಸಮ್ಮನ ಬಗ್ಗೆ ಬರೆಯುತ್ತೇನೆಂದೆ. ಅವರು ಒಪ್ಪಲೂ ಇಲ್ಲ, ಗದರಿಸಲೂ ಇಲ್ಲ. "ನೀನು ಬಿಡಾನಲ್ಲ, ಬರಕ. ಹೆಸ್ರು ಮಾತ್ರ ಹಾಕಬ್ಯಾಡ" ಎಂದರು. ಹಾಕುವುದಿಲ್ಲ ಎಂದೆ. ಹೆಸರಿಲ್ಲದೆ ಸುದ್ದಿಯಾಗುವುದಿಲ್ಲ ಎಂದು ಕಚೇರಿಯಿಂದ ಫೋನ್ ಬಂತು. ಕೊಟ್ಟೆ. ಖಾಲಿ ಕೋಣೆಯಲ್ಲಿ ಅವರು ಕುಳಿತ ಫೋಟೊ, ಕೆಳಗೆ ಪೂರ್ತಿ ಹೆಸರು. ಇಲ್ಲಿ ಅದನ್ನು ಬರೆಯುತ್ತಿಲ್ಲ. ತಡವಾಯಿತು, ಗೊತ್ತಿದೆ.

ಬುಧವಾರದ ಹೊತ್ತಿಗೆ ಮೊದಲ ಸಂಘದವರು ಬಂದರು. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯೊಳಗೊಂದು ಸ್ಮರಣಿಕೆ. ಮರುದಿನ ಇನ್ನೊಂದು ಸಂಘ, ಆಮೇಲೆ ಒಂದು ಕಾಲೇಜು. ಪಾಪ, ನೆಲದ ಮೇಲೆ ಮಲಗುತ್ತಾರಂತೆ ಎಂದು ಕೊಬ್ಬರಿ ವ್ಯಾಪಾರಿಯೊಬ್ಬರು ಹೊಸ ಮಂಚವನ್ನೇ ಕಳಿಸಿದರು. ಬೇರೆಯವರು ಹಾಸಿಗೆ, ಮಿಕ್ಸಿ. ಯಾರಿಗಾದರೂ ಕೊಟ್ಟುಬಿಡೋಣವೆಂದರೆ ಕೊಟ್ಟವರು ನೋಡಲು ಬರುತ್ತಿದ್ದರು, ನೆಂಟರನ್ನೂ ಕರೆತರುತ್ತಿದ್ದರು. "ಮಂಚ ಹೆಂಗೈತೆ ಅಮ್ಮ?" ಎಂದು ಅದರ ಮೇಲೆ ಕೂತು ನೋಡುತ್ತಿದ್ದರು.

ಅದೇ ದಿನಗಳಲ್ಲಿ ತಮ್ಮ ಬಂದ. ಕುರಿ ಹೊರಡುವ ಹೊತ್ತಾಗಿತ್ತು. ಮುಂದಿನ ಭಾನುವಾರ ಒಂದು ಸನ್ಮಾನ ಇದೆ, ಕಾರ್ಡಿನಲ್ಲಿ ಹೆಸರು ಅಚ್ಚಾಗಿದೆ, ಬರಲಾಗುವುದಿಲ್ಲ ಎಂದರು ನರ್ಸಮ್ಮ. ಅವನು ಚಹಾ ಕುಡಿದು ಒಬ್ಬನೇ ಹೋದ. ಅವನು ಬೀದಿಯ ತಿರುವು ದಾಟುವವರೆಗೂ ಅವರು ಬಾಗಿಲಲ್ಲೇ ನಿಂತಿದ್ದನ್ನು ನಮ್ಮ ಮನೆಯ ಕಿಟಕಿಯಿಂದ ನೋಡಿದೆ.

ಎರಡು ದಿನ ಬಿಟ್ಟು ಹೋದರೆ ಅವರ ಬಾಗಿಲಿಗೆ ಬೀಗ. ಅಂಗಡಿಯಿಂದ ಆಗಷ್ಟೇ ತಂದ ಹೊಸ ಬೀಗ. ನಾನು ಮೆಟ್ಟಿಲ ಮೇಲೆ ಕಾಯುತ್ತಿದ್ದಾಗ ಬಂದರು, ಸೊಂಟದಿಂದ ಕೀಲಿ ತೆಗೆದರು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಮಂಚದ ಮೇಲೆ ಗಾಜಿನ ಪೆಟ್ಟಿಗೆಗಳು, ಗೋಡೆಯ ಮೊಳೆಗಳಲ್ಲಿ ಹಾರಗಳು.

"ಇವನ್ನೆಲ್ಲ ಯಾರಿಗಾದರೂ ಕೊಟ್ಟುಬಿಡಿ ಅಕ್ಕ" ಎಂದೆ.

"ಯಾರಿಗ್ ಕೊಡ್ಲಿ? ಮಂಚ ಆದ್ರೆ ಯಾರೋ ಮಲಕ್ಕಂತಾರೆ. ಈ ಪೆಟ್ಟಿಗೆ ಮ್ಯಾಲೆಲ್ಲ ನನ್ನೆಸ್ರು ಬರದವ್ರೆ. ನನ್ನೆಸ್ರು ತಗಂಡು ಯಾರೇನ್ ಮಾಡ್ತಾರಪ್ಪ?"

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ಕೇಳುತ್ತಿದ್ದರು. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು; ಯಾರೋ ಶಾಲು ಹಿಡಿದು ಬಂದಿದ್ದರು. ನನ್ನನ್ನು ಗುರುತಿಸಿ, "ಚೆನ್ನಾಗಿ ಬರದಿದೀರಿ ಸಾರ್" ಎಂದು ಕೈ ಕುಲುಕಿದರು.

ಆ ಸನ್ಮಾನದ ಭಾನುವಾರ ಅವರು ಸಭೆಗೆ ಹೋಗಲಿಲ್ಲ. ಬೆಳಕು ಹರಿಯುವಷ್ಟರಲ್ಲಿ ಮನೆ ಬಿಟ್ಟಿದ್ದರು. ಮಂಚ, ಹಾಸಿಗೆ ಆಸ್ಪತ್ರೆಗೆ ಎಂದು ಮನೆ ಮಾಲೀಕರಿಗೆ ಹೇಳಿ ಹೋಗಿದ್ದರಂತೆ. ನನಗೆ ಏನೂ ಹೇಳಿರಲಿಲ್ಲ. ಮಾಲೀಕರು ಬಾಗಿಲು ತೆರೆದಾಗ ಸ್ಮರಣಿಕೆಗಳು ಗೋಡೆಯ ಪಕ್ಕ ಸಾಲಾಗಿದ್ದವು. ಹತ್ತಿರ ಹೋಗಿ ನೋಡಿದೆ. ಒಂದೊಂದರ ಮೇಲೂ ಹೆಸರಿದ್ದ ಜಾಗವನ್ನು ಒದ್ದೆ ಬಟ್ಟೆಯಿಂದಲೋ ಉಗುರಿನಿಂದಲೋ ಉಜ್ಜಿ ತೆಗೆದಿದ್ದರು. ಸಂಘದವರ ಹೆಸರು, ತಾರೀಖು ಎಲ್ಲ ಹಾಗೇ ಇತ್ತು. ಎಷ್ಟು ಹೊತ್ತು ಕೂತು ಉಜ್ಜಿದರೋ...

ಎರಡು ವರ್ಷದ ನಂತರ ಸಂತೆಯಲ್ಲಿ ಅವರ ತಮ್ಮ ಸಿಕ್ಕಿದ. ಅಕ್ಕ ಹೇಗಿದ್ದಾರೆಂದು ಕೇಳಿದೆ.

"ನಡೀತಾ ಅವ್ರೆ ಸಾ" ಎಂದ.

ಯಾವ ಕಡೆ ಎಂದದ್ದಕ್ಕೆ ತಲೆ ಕೆರೆದುಕೊಂಡು ನಕ್ಕ. "ಯಾರಿಗ್ ಬೇಕಾದ್ರೂ ಹೇಳು, ಪೇಪರ್ನೋರಿಗೆ ಹೇಳಬ್ಯಾಡ ಅಂದವ್ರೆ."

ನಾನೂ ನಕ್ಕೆ.

ಈಗ ನಾನು ಚಿತ್ರದುರ್ಗದಲ್ಲಿದ್ದೇನೆ. ಹೊಸದುರ್ಗದ ಕಡೆ ಬಸ್ಸಿನಲ್ಲಿ ಹೋಗುವಾಗ ಆಗಾಗ ಕುರಿಹಿಂಡು ರಸ್ತೆಗೆ ಅಡ್ಡ ಬರುತ್ತದೆ. ಡ್ರೈವರ್ ಹಾರ್ನ್ ಹೊಡೆಯುತ್ತಾನೆ, ಜನ ಬೈಯುತ್ತಾರೆ. ನಾನು ಕಿಟಕಿಗೆ ಒರಗಿ ಹಿಂಡಿನ ಕೊನೆಯಲ್ಲಿ ಯಾರಿದ್ದಾರೆಂದು ನೋಡುತ್ತೇನೆ. ಲೆಕ್ಕ ಹಾಕಿದರೆ ಅವರಿಗೆ ಎಪ್ಪತ್ತೈದು ದಾಟಿರಬೇಕು; ಕುರಿಯ ಹಿಂದೆ ನಡೆಯುವ ವಯಸ್ಸಲ್ಲ. ಇದ್ದಾರೋ ಇಲ್ಲವೋ ಎಂಬುದು ಆ ಹಳ್ಳಿಗೆ ಒಂದು ಫೋನ್ ಮಾಡಿದರೆ ತಿಳಿಯುತ್ತದೆ. ಖಚಿತಪಡಿಸಿಕೊಳ್ಳದೆ ಒಂದು ಸಾಲನ್ನೂ ಬರೆಯಬಾರದು ಎಂದು ಹೊಸ ಹುಡುಗರಿಗೆ ದಿನಾ ಹೇಳುವವನು ನಾನು. ಆ ಫೋನ್ ಮಾತ್ರ ಇವತ್ತಿನವರೆಗೂ ಮಾಡಿಲ್ಲ.