ಗೋಡೆಯ ಮೇಲಿನ ಕೈ

ನಂಜನಗೂಡಿನಲ್ಲಿ ನನ್ನ ತಮ್ಮ ಕಟ್ಟಿಸಿದ ಮನೆಯ ಹಾಲ್‌ಗೆ ಕಾಲಿಟ್ಟರೆ ಎದುರಿಗೇ ಒಂದು ಗೋಡೆ. ಅದಕ್ಕೆ ಅವನೂ ಅವನ ಹೆಂಡತಿಯೂ ‘ನಮ್ಮ ವಂಶದ ಗೋಡೆ’ ಎಂದು ಹೆಸರಿಟ್ಟಿದ್ದರು. ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ನಮ್ಮೂರು ಹೆಡತಲೆ. ತಮ್ಮ ಇನ್ನೂ ಮೊಲೆ ಬಿಡುವ ಮೊದಲೇ ಅವ್ವ ತೀರಿಕೊಂಡಳು. ನಮ್ಮಿಬ್ಬರನ್ನೂ ಸಾಕಿದವಳು ಅಪ್ಪನ ಅಕ್ಕ, ನಮ್ಮ ಅತ್ತೆ. ಚಿಕ್ಕ ವಯಸ್ಸಿಗೇ ಗಂಡ ಸತ್ತು ತವರಿಗೆ ಬಂದವಳು. ರಾಗಿ ಬೀಸಿದಳು, ಹಸು ಕರೆದು ಡೈರಿಗೆ ಹಾಲು ಹಾಕಿದಳು, ಗದ್ದೆಯಲ್ಲಿ ಅಪ್ಪನ ಸಮಕ್ಕೆ ದುಡಿದಳು. ತಮ್ಮ ಐಟಿಐ ಮುಗಿಸಿ ತಾಂಡ್ಯದ ಫ್ಯಾಕ್ಟರಿಗೆ ಸೇರುವ ತನಕ ಅವನ ಬುತ್ತಿ ಕಟ್ಟಿದವಳೂ ಅವಳೇ. ಅಪ್ಪ ಹೋದ ಮೇಲೂ ಹಸು ಕಟ್ಟಿಕೊಂಡು, ಯಾರ ಹಂಗೂ ಇಲ್ಲದೆ ಊರಲ್ಲೇ ಇದ್ದಾಳೆ.

ಮನೆ ಮುಗಿಯುತ್ತಾ ಬಂದಾಗ ತಮ್ಮ ಕಾರು ತಂದು ಅತ್ತೆಯ ಒನಕೆ, ಬೀಸುವ ಕಲ್ಲು, ಮೊರ, ಹಿತ್ತಾಳೆ ಚೆಂಬು ಎಲ್ಲವನ್ನೂ ಕೇಳಿ ಹೇರಿಕೊಂಡು ಹೋದ. ಗೋಡೆಗೆ ಹಳೇ ಕಾಲದ ಸಾಮಾನು ಬೇಕೆಂದು ಇಂಟೀರಿಯರ್‌ನವರು ಹೇಳಿದ್ದರಂತೆ. ಅತ್ತೆ ಚೆಂಬನ್ನು ಹುಣಸೆಹಣ್ಣಿನಲ್ಲಿ ಬೆಳಗಿ ಕೊಟ್ಟಳು. ಜೊತೆಗೆ, ಸೋಮನಾಥಪುರದ ದೇವಸ್ಥಾನದ ಮುಂದೆ ನಾವು ನಾಲ್ವರೂ ನಿಂತು ತೆಗೆಸಿದ ಫೋಟೋವನ್ನೂ ಕೊಟ್ಟಳು. ಎಲ್ಲರೂ ಒಟ್ಟಿಗಿರುವುದು ಅದೊಂದರಲ್ಲೇ.

ಗೃಹಪ್ರವೇಶದ ಬೆಳಿಗ್ಗೆ ತಿ. ನರಸೀಪುರದಿಂದ ನಾನೂ ನನ್ನ ಗಂಡನೂ ಹೋದೆವು. ಒನಕೆಗೆ ವಾರ್ನಿಷ್ ಹೊಡೆದು ಅಡ್ಡಡ್ಡ ಕೂರಿಸಿದ್ದರು. ಬೀಸುವ ಕಲ್ಲಿಗೆ ಪುಟ್ಟ ಕಟ್ಟೆ, ಅದರ ಮೇಲೆ ದೀಪ. ನಡುವೆ ಬಾಗಿಲಷ್ಟು ದೊಡ್ಡದಾಗಿ ನಮ್ಮ ಫೋಟೋ. ಅಪ್ಪ ಇದ್ದ, ನಾನಿದ್ದೆ, ತಮ್ಮ ಇದ್ದ. ಅತ್ತೆ ಇರಲಿಲ್ಲ. ತಮ್ಮನ ಹೆಗಲ ಮೇಲೆ ಅವಳ ಕೈ ಮಾತ್ರ ಇತ್ತು. ಮಣಿಕಟ್ಟಿನ ಹತ್ತಿರಕ್ಕೆ ಚೌಕಟ್ಟು ಬಂದುಬಿಟ್ಟಿತ್ತು.

ಅತ್ತೆ ಹಿತ್ತಲಲ್ಲಿ ಅಡುಗೆಯವರ ಜೊತೆ ಇದ್ದಳು. ತಮ್ಮನನ್ನು ಮಹಡಿಗೆ ಕರೆದುಕೊಂಡು ಹೋಗಿ ಕೇಳಿದೆ.

“ಬಾಗ್ಲು ತೆಗೆದ್ರೆ ಮೊದ್ಲು ಕಾಣೋ ಗೋಡೆ ಅಕ್ಕ ಅದು,” ಎಂದ. “ಗಂಡ ಇಲ್ದೋಳ ಮೊಕ ಎದುರಿಗೆ ಬ್ಯಾಡ ಅಂತ ದೊಡ್ಡೋರು ಅಂದ್ರು.”

“ಆ ಕೈ ಯಾಕ್ಲಾ ಬಿಟ್ಟೆ?”

“ಅದ ಅಳಿಸುದ್ರೆ ನನ್ ಅಂಗಿನೂ ಓಯ್ತದೆ ಅಂದ್ರು ಫೋಟೋದೋರು.”

ಅಂಗಿ ಉಳಿಸಿಕೊಳ್ಳಲು ಕೈ ಬಿಟ್ಟಿದ್ದಾನೆ! ಗೋಡೆಗೆ ಅವಳ ಒನಕೆ ಆಗುತ್ತದೆ, ಅವಳ ಕಲ್ಲು ಆಗುತ್ತದೆ, ಅವಳು ಆಗುವುದಿಲ್ಲ. ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಎಲೆಗೆ ಕೂರದೆ, ಮೂಲ ಫೋಟೋ ಕಿತ್ತುಕೊಂಡು ಬಂದುಬಿಟ್ಟೆ.

ನರಸೀಪುರದ ಸ್ಟುಡಿಯೋದಲ್ಲಿ ನಾಲ್ವರೂ ಬರುವಂತೆ ಅಷ್ಟೇ ದೊಡ್ಡದು ಮಾಡಿಸಿ ಕಳಿಸಿದೆ. ತಿಂಗಳು ಕಳೆದು ಹೋಗಿ ನೋಡಿದರೆ ಅದು ವಾಷಿಂಗ್ ಮಷೀನ್ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿತ್ತು. ಗೋಡೆಯ ಮೇಲಿನದು ಹಾಗೇ ಇತ್ತು. ಒನಕೆ ಇಳಿಸಿದೆ, ಮೊರ ಇಳಿಸಿದೆ, ಚೆಂಬು ತೆಗೆದೆ. ಕಲ್ಲನ್ನು ಗಂಡನೂ ನಾನೂ ಹಿಡಿದು ಆಟೋಗೆ ಹಾಕಿದೆವು. ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು, “ಗೋಡೆಲಿ ತೂತು ಕಾಣ್ತವೆ ಅಕ್ಕ,” ಎಂದಳು. ಕಾಣಲಿ ಎಂದೆ.

ಹೆಡತಲೆಯಲ್ಲಿ ಅತ್ತೆ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಸಾಮಾನು ಇಳಿಸಿದ್ದು ನೋಡಿ ಅವಳ ಮುಖ ಗಂಟಿಕ್ಕಿತು.

“ಅವ್ನು ಕೇಳ್ದ, ನಾನ್ ಕೊಟ್ಟೆ. ನಡುವೆ ನೀನ್ಯಾರವ್ವ?”

ಫೋಟೋ ವಿಷಯ ಅವಳಿಗೆ ಗೊತ್ತಿಲ್ಲ ಎಂದುಕೊಂಡು ಎಲ್ಲ ಹೇಳಿದೆ.

“ನಂಗೇನ್ ಕಣ್ ಕಾಣಲ್ವಾ? ಅವತ್ತೇ ನೋಡ್ದೆ. ನೋಡ್ಕಂಡೇ ಉಂಡೆ.”

“ಎಂಗೆ ಉಂಡೆ ಅತ್ತೆ?”

“ಸಾಕಿದ್ ಮಗನ್ ಮನೆ ಊಟ. ನಾನ್ಯಾಕ್ ಬುಡ್ಲಿ?”

ಆಗ ನನಗೆ ಅತ್ತೆಯ ಮೇಲೂ ಸಿಟ್ಟು ಬಂತು. ಅವಳ ಪರವಾಗಿ ಜಗಳ ಆಡಿ ತಮ್ಮನನ್ನು ಕಳೆದುಕೊಂಡವಳು ನಾನು, ಬೈಗುಳವೂ ನನಗೇ. ಅತ್ತೆ ಅವರೆಕಾಳು ಒಡೆಯಲು ಬೇಕು ಎಂದು ಬೀಸುವ ಕಲ್ಲನ್ನು ಮಾತ್ರ ಒಳಕ್ಕೆ ಉರುಳಿಸಿಕೊಂಡಳು. ಮಿಕ್ಕಿದ್ದನ್ನು ವಾಪಸು ಕೊಟ್ಟು ಬಾ ಎಂದಳು. ನಾನು ಕೊಡಲಿಲ್ಲ. ನಮ್ಮ ಮನೆಯ ಅಟ್ಟದಲ್ಲಿವೆ. ಹಬ್ಬಕ್ಕೆ ತಮ್ಮ ಬಂದು ಅತ್ತೆಯನ್ನು ಕಾರಿನಲ್ಲಿ ಕರೆದುಕೊಂಡು ಹೋಗುತ್ತಾನೆ, ಅವಳೂ ಹೊಸ ಸೀರೆ ಉಟ್ಟು ಹೋಗುತ್ತಾಳೆ. ನಾನು ಹೋಗಿಲ್ಲ.