ಮಾರ್ಸೇಯ ರೇಷ್ಮೆ, ಮರಳವಾಡಿಯ ಹಾಳೂರು

ಕಾಲೇಜಿನಲ್ಲಿ ಹಟಕ್ಕೆ ಬಿದ್ದು ಕಲಿತ ಫ್ರೆಂಚ್ ನನಗೆ ರಾಮನಗರದಲ್ಲಿ ಅನ್ನ ಕೊಡುತ್ತದೆಂದು ನಾನು ಎಣಿಸಿರಲಿಲ್ಲ. ರೇಷ್ಮೆ ನೋಡಲು ಆಗೊಬ್ಬರು ಈಗೊಬ್ಬರು ಫ್ರಾನ್ಸಿನಿಂದ ಬರುತ್ತಾರೆ. ಅವರ ಜೊತೆ ತಿರುಗಿ ಮಾತು ದಾಟಿಸುವುದು ನನ್ನ ಕೆಲಸ. ಹಾಗೆ ಬಂದವರಲ್ಲಿ ಮಾರ್ಸೇ ಎಂಬ ಬಂದರು ಪಟ್ಟಣದ ಒಬ್ಬ ಹೆಂಗಸಿದ್ದರು. ಅಲ್ಲಿಯ ಹಳೆಯ ದಾಖಲೆಗಳ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಮಾತು ಕಡಿಮೆ, ನೋಟ ಹೆಚ್ಚು.

ನೂಲು ಬಿಚ್ಚುವ ಶೆಡ್ಡೊಂದರಲ್ಲಿ ಯಜಮಾನರಾದ ಸಾಬರು ಆಗಷ್ಟೇ ಒಣಗಿದ ರೇಷ್ಮೆಯ ಲಡಿಯನ್ನು ಪ್ರೀತಿಯಿಂದ ಅವರ ಕೈಗಿಟ್ಟರು. ಆಕೆ ಹಾವು ತಾಕಿದಂತೆ ಕೈ ಹಿಂದಕ್ಕೆ ಎಳೆದುಕೊಂಡರು. ಸಾಬರ ಮುಖ ಪೆಚ್ಚಾಯಿತು.

ಕಾರಿಗೆ ಬಂದು ಕೂತ ಮೇಲೆ ಆಕೆ ಕಾರಣ ಹೇಳಿದರು. ಮುನ್ನೂರು ವರ್ಷದ ಹಿಂದೆ ಅವರ ಬಂದರಿಗೆ ಪೂರ್ವದಿಂದ ಒಂದು ಹಡಗು ಬಂತು. ತುಂಬ ರೇಷ್ಮೆ, ಹತ್ತಿ. ದಾರಿಯಲ್ಲೇ ನಾವಿಕರು ಒಬ್ಬೊಬ್ಬರಾಗಿ ಸತ್ತಿದ್ದರು. ಹಡಗನ್ನು ದೂರ ನಿಲ್ಲಿಸಬೇಕಿತ್ತು, ನಿಲ್ಲಿಸಿದರು ಕೂಡ. ಆದರೆ ಜಾತ್ರೆಯ ವ್ಯಾಪಾರಕ್ಕೆ ಹೊತ್ತಾಗುತ್ತದೆಂದು ಸರಕು ಬೇಗ ಊರೊಳಕ್ಕೆ ಬಂತು. ಅದರೊಂದಿಗೆ ಪ್ಲೇಗೂ ಬಂತು. ಪಟ್ಟಣದ ಅರ್ಧದಷ್ಟು ಜನ ಹೋದರು.

"ಇಡೀ ಜೀವಮಾನ ಆ ಕಾಗದಗಳನ್ನೇ ಓದಿದೆ. ಕಚ್ಚಾ ರೇಷ್ಮೆಯನ್ನು ಮುಟ್ಟಿದ್ದು ಮಾತ್ರ ಇವತ್ತೇ" ಎಂದರು.

ನಾನು ಇದನ್ನು ಕನ್ನಡದಲ್ಲಿ ಹೇಳುವಾಗ ಡ್ರೈವರ್ ಕಾರಿನ ವೇಗ ತಗ್ಗಿಸಿದ. ಮರಳವಾಡಿ ಕಡೆಯವನು, ನಲವತ್ತು ದಾಟಿದವನು.

"ಅಕ್ಕಾ, ನಮ್ಮೂರ್ಗೂ ಪ್ಲೇಗ್ ಬಂದಿತ್ತು. ಹಳೇ ಊರು ಹಂಗೇ ಬಿದ್ದೈತೆ. ಮೇಡಮ್ಮೋರು ನೋಡ್ತಾರಾ ಕೇಳಿ."

ಆಕೆ ತಕ್ಷಣ ಒಪ್ಪಿದರು.

ಮೊದಲು ಅವನ ಮನೆಗೆ ಹೋದೆವು. ಅವನ ತಾಯಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಎಲ್ಲಿಗೆ ಹೊರಟಿದ್ದೇವೆಂದು ಕೇಳಿದ್ದೇ ಒಳಗೆ ಹೋಗಿ ಒಂದು ಬಿಂದಿಗೆ ನೀರು ತಂದು ಮಗನ ಕೈಗೆ ಕೊಟ್ಟರು.

"ಮಟಮಟ ಮಧ್ಯಾಹ್ನ ಹೋಯ್ತಾ ಇದೀರಿ. ಬರಿಗೈಲಿ ಹೋಗ್ಬ್ಯಾಡಿ. ಈ ನೀರು ನಿಮಗಲ್ಲ ಕಣವ್ವ, ಅವಳಿಗೆ."

'ಅವಳು' ಅಂದರೆ ಆ ತಾಯಿಯ ಅತ್ತೆಯ ಅಜ್ಜಿ. ಹಸಿ ಬಾಣಂತಿಯಾಗಿದ್ದಾಗ ಅವಳ ಕಂಕುಳಲ್ಲಿ ಗಡ್ಡೆ ಎದ್ದಿತಂತೆ. ಊರು ಬಿಟ್ಟು ಎಲ್ಲರೂ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ದಿನಗಳು. ಗಂಡ ಮಗುವನ್ನು ಎತ್ತಿಕೊಂಡ, ಅವನ ತಾಯಿ ಹೊಸ್ತಿಲ ಬಳಿ ಒಂದು ಮಡಕೆ ನೀರಿಟ್ಟಳು, ಹೊರಟುಬಿಟ್ಟರು.

"ಮೂರು ದಿವ್ಸ ಕೂಗು ಕೇಳ್ತಿತ್ತಂತೆ. ಆಮೇಲಿಲ್ಲ. ಆ ಮಗಿನ ಮಗಳೇ ನಮ್ಮತ್ತೆ" ಎಂದರು ತಾಯಿ.

ನಾನು ಫ್ರೆಂಚಿಗೆ ತಿರುಗಿಸಿದೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ. "ಅವಳ ಹೆಸರೇನು?"

"ಹೆಸರು ಎತ್ತಬಾರ್ದು ಅಂತ ಬುಟ್ರು. ಆಮ್ಯಾಕೆ ಮರ್ತೇ ಬುಟ್ರು" ಎಂದರು ತಾಯಿ.

ಹಾಳೂರು ಅಲ್ಲಿಂದ ಒಂದು ಮೈಲಿಯೂ ಇಲ್ಲ. ಲಂಟಾನದ ಪೊದೆಗಳ ನಡುವೆ ಮೊಳಕಾಲೆತ್ತರದ ಗೋಡೆಗಳು, ಓಣಿಯೊಂದರ ಗುರುತು. ಅಲ್ಲಲ್ಲಿ ಮನೆಯಿಲ್ಲದೆ ನಿಂತ ಕಲ್ಲಿನ ಬಾಗಿಲುವಾಡಗಳು. ಅಂಥದೊಂದು ಅವಳ ಮನೆಯದು, ಅದರ ಹೊಸ್ತಿಲಿನ ಪಕ್ಕ ಕಲ್ಲಿನ ಮರಿಗೆಯಿತ್ತು. ಡ್ರೈವರ್ ಚಪ್ಪಲಿ ಬಿಟ್ಟು, ಬಿಂದಿಗೆಯ ನೀರನ್ನೆಲ್ಲ ಅದಕ್ಕೆ ಸುರಿದ. ಮರಿಗೆ ಅಂಚಿನವರೆಗೆ ತುಂಬಿತು. ಬಿಸಿಲಿಗೆ ನೀರು ಕಣ್ಣು ಕುಕ್ಕುತ್ತಿತ್ತು.

ಓಣಿಯ ಕೊನೆಯ ಪಾಳುಬಾವಿಯನ್ನು ಇಣುಕಿ ನಾವು ಹಿಂದಕ್ಕೆ ಬರಲು ಐದು ನಿಮಿಷ ಹಿಡಿದಿರಬಹುದು. ಆ ಐದು ನಿಮಿಷ ಒಂದು ಹಕ್ಕಿಯೂ ಕೂಗಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು.

ಮರಿಗೆ ಖಾಲಿಯಾಗಿತ್ತು.

ಚೆಲ್ಲಿದ್ದರೆ ನೆಲ ಒದ್ದೆಯಾಗಬೇಕಿತ್ತು, ನೆಲ ಒಣಗಿತ್ತು. ಆಕೆ ಮಂಡಿಯೂರಿ ಕೂತು ಮರಿಗೆಯ ಒಳಗೆಲ್ಲ ಬೆರಳಾಡಿಸಿದರು. ಬಿರುಕಿಲ್ಲ. ಬೆರಳಿಗೆ ಧೂಳು ಅಂಟಿತ್ತು.

"ಕುಡ್ಕಂಡವ್ಳೆ ಬುಡಿ" ಎಂದ ಡ್ರೈವರ್, ಮನೆಯವರ ಬಗ್ಗೆ ಹೇಳುವಷ್ಟು ಸಹಜವಾಗಿ.

ನನಗೆ ಹಟ ಬಂತು. ನನ್ನ ಬಾಟಲಿಯಲ್ಲಿದ್ದ ನೀರನ್ನು ಮರಿಗೆಗೆ ಸುರಿದು ಕಣ್ಣು ಮಿಟುಕಿಸದೆ ನಿಂತೆ. ಕತ್ತಿನ ಮೇಲೆ ಬೆವರು ಹರಿಯಿತು. ಹತ್ತು ನಿಮಿಷವಾದರೂ ನೀರು ಕೂದಲೆಳೆಯಷ್ಟೂ ಇಳಿಯಲಿಲ್ಲ.

"ನೋಡ್ತಾ ನಿಂತ್ರೆ ಕುಡಿಯಾಕಿಲ್ಲ ಅಕ್ಕ. ನಮ್ಮೋರೇ ಬುಟ್ಟೋದೋರು. ನಮ್ಗೆಂಗೆ ಮುಖ ತೋರಿಸ್ತಾಳೆ?"

ಆ ಮಾತನ್ನು ನಾನು ಆಕೆಗೆ ದಾಟಿಸಲಿಲ್ಲ. ಆದರೂ ಆಕೆಗೆ ಏನೋ ತಿಳಿದಿರಬೇಕು. ಎದ್ದು ಬಾಗಿಲುವಾಡದ ಕಡೆ ತಲೆಬಾಗಿಸಿ, ಹಿಂತಿರುಗಿ ನೋಡದೆ ಕಾರಿಗೆ ನಡೆದರು. ಹೋಟೆಲಿನ ಮುಂದೆ ಇಳಿಯುವಾಗ, "ನಮ್ಮೂರಿಗೆ ಬಾ. ಒಂದು ಜಾಗ ತೋರಿಸುತ್ತೇನೆ" ಎಂದರು.

ಕಳೆದ ಚಳಿಗಾಲದಲ್ಲಿ ಹೋದೆ. ಮಾರ್ಸೇ ಅಂದರೆ ಹಳೆಯ ಬಂದರು. ಅದರ ಕುತ್ತಿಗೆಯಲ್ಲಿ ಎರಡು ಕೋಟೆ. ಗುಡ್ಡದ ಮೇಲಿನ ಇಗರ್ಜಿ. ಅದರ ನೆತ್ತಿಯ ಚಿನ್ನದ ಮಾತೆಯನ್ನು ಜನ 'ಒಳ್ಳೆಯ ತಾಯಿ' ಎಂದೇ ಕರೆಯುತ್ತಾರೆ. ಒಳಗೆ ಮಾಡಿನಿಂದ ಪುಟ್ಟ ಪುಟ್ಟ ಹಡಗುಗಳು ತೂಗುತ್ತಿದ್ದವು, ಸಮುದ್ರದಿಂದ ಬದುಕಿ ಬಂದವರ ಹರಕೆ. ಬೆಳಿಗ್ಗೆ ಬಂದರಿನ ಕಟ್ಟೆಯಲ್ಲಿ ಮೀನು ಮಾರುವ ಹೆಂಗಸರ ಗದ್ದಲ ನಮ್ಮ ರೇಷ್ಮೆಗೂಡಿನ ಮಾರುಕಟ್ಟೆಗೇನೂ ಕಡಿಮೆಯಿರಲಿಲ್ಲ.

ಕೊನೆಯ ಸಂಜೆ ಆಕೆ ನನ್ನನ್ನು ಲಾ ತುರೆತ್ ಎಂಬ ಕಲ್ಲುಹಾಸಿನ ಬಯಲಿಗೆ ಕರೆದೊಯ್ದರು. ಕೆಳಗೆ ಕಡಲು, ಪಕ್ಕದಲ್ಲಿ ಹಳೆಯ ಇಗರ್ಜಿ, ಆಚೆ ದ್ವೀಪಕ್ಕೆ ಹೊರಟ ದೊಡ್ಡ ಹಡಗು. ಜೋಡಿಗಳು ಕೂತು ನಗುತ್ತಿದ್ದವು.

"ಇಲ್ಲೇ" ಎಂದರು ಆಕೆ. ಪ್ಲೇಗಿನ ಹೆಣಗಳು ವಾರಗಟ್ಟಲೆ ಬಿಸಿಲಲ್ಲಿ ಬಿದ್ದಿದ್ದವು. ಹತ್ತಿರ ಹೋಗಲು ಊರಿನವರೇ ಹೆದರಿದಾಗ ಕೈದಿಗಳನ್ನು ತಂದು, ಈ ಕಲ್ಲುಹಾಸಿನ ಕೆಳಗಿರುವ ಕೋಟೆಗೋಡೆಯ ಪೊಳ್ಳು ಬುರುಜುಗಳೊಳಕ್ಕೆ ಅವನ್ನೆಲ್ಲ ತಳ್ಳಿಸಿದರು. "ಕೈದಿಗಳನ್ನು ಎಣಿಸಿ ಬರೆದಿಟ್ಟಿದ್ದಾರೆ. ಹೆಣಗಳ ಹೆಸರು ಯಾವ ಕಾಗದದಲ್ಲೂ ನನಗೆ ಸಿಗಲಿಲ್ಲ."

ನನ್ನ ಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ. "ನಡೆ, ಎಲ್ಲರೂ ನಡೆಯುತ್ತಾರೆ" ಎಂದು ಆಕೆ ನನ್ನ ತೋಳು ಹಿಡಿದರು. ನಾನು ಬಗ್ಗಿ ಬೂಟು ಬಿಚ್ಚಿದೆ, ಕಾಲುಚೀಲ ಕಳಚಿದೆ. ಬೆಳಿಗ್ಗೆಯಿಂದ ಸೂರ್ಯ ಮುಖ ತೋರಿರಲಿಲ್ಲ. ಕಡಲ ಗಾಳಿಗೆ ಹಲ್ಲು ಕಟಕಟಿಸುತ್ತಿತ್ತು.

ಕಲ್ಲು ಬೆಚ್ಚಗಿತ್ತು, ಜ್ವರ ಬಂದವರ ಹಣೆಯಷ್ಟು. ನಾನು ಆಕೆಯ ಮುಖ ನೋಡಿದೆ. "ಗೊತ್ತು" ಎಂದರು ಆಕೆ ಮೆಲ್ಲಗೆ, "ಯಾರಿಗೂ ಹೇಳಿಲ್ಲ." ತಾವೂ ಬಗ್ಗಿ ತಮ್ಮ ಬೂಟಿನ ದಾರ ಸಡಿಲಿಸತೊಡಗಿದರು.